ಕೂಗದೆ ಮುಚ್ಚಿದ ಥಪ್ಪಿ

ಭಾಲ್ಕಿ ಊರ ಹೊರಗೆ, ಕಮಲನಗರದ ದಾರಿಯಲ್ಲಿ, ಒಂದು ಹಳೇ ಕಲ್ಲಿನ ಬಾವಿ ಇದೆ. ನೀರಿದೆ, ಸೇದುವವರಿಲ್ಲ. ರಾತ್ರಿ ಹನ್ನೊಂದೂವರೆಗೆ ಅದರ ಪಕ್ಕ ಹಾದು ಮನೆಗೆ ಬರುವುದು ನಮ್ಮ ಓಣಿಯ ಗೌಸೋದ್ದೀನನ ದಿನದ ರೂಢಿ. ಬಾವಿಯಿಂದ ಇನ್ನೂರು ಹೆಜ್ಜೆ ಹಿಂದಕ್ಕೆ ಅವನು ದುಡಿಯುವ ಗೋದಾಮು. ತೊಗರಿ, ಕಡಲೆ, ಸೋಯಾ ತುಂಬಿಡುವ ದೊಡ್ಡ ಖಾಸಗಿ ಗೋದಾಮು.

ಆ ಮಂಗಳವಾರ ಗಾಳಿ ಇರಲಿಲ್ಲ. ಬೇವಿನ ಎಲೆ ಸಹ ಅಲ್ಲಾಡುತ್ತಿರಲಿಲ್ಲ. ಬಾವಿಯ ಹತ್ತಿರ ಬಂದಾಗ ಬೆನ್ನ ಹಿಂದೆ ಸದ್ದಾಯಿತು.

ಧಪ್... ಧಪ್... ಧಪ್...

ಬಾಗಿಲು ಬಡಿದದ್ದಲ್ಲ. ಯಾವ ಪ್ರಾಣಿಯದೂ ಅಲ್ಲ. ತುಂಬಿದ ಗೋಣಿಚೀಲದ ಮೇಲೆ ಮನುಷ್ಯನ ಅಂಗೈ ಬಿದ್ದ ಸದ್ದು. ಗೋದಾಮಿನಲ್ಲಿ ಹನ್ನೊಂದು ವರ್ಷ ಕಳೆದವನ ಕಿವಿಗೆ ಅದು ತಪ್ಪುವುದಿಲ್ಲ. ಮೂರು ಏಟು. ಆಮೇಲೆ ಮೌನ. ಸುಮ್ಮನೆ ಮೌನವಲ್ಲ... ಯಾರೋ ಕಿವಿಗೊಟ್ಟು ಕಾಯುವಾಗ ಇರುತ್ತದಲ್ಲ, ಆ ಮೌನ.

ಆಮೇಲೆ ಇನ್ನೂ ಒಳಗಿನಿಂದ, ಕಂಬಳಿ ಹೊದ್ದವನು ಬಡಿದಂತೆ ಮಂದವಾಗಿ, ಒಂದೇ ಒಂದು.

ಧಪ್.

ಗೌಸೋದ್ದೀನ ಓಡಿದ. ರೈಲ್ವೆ ಗೇಟಿನ ತನಕ ತಿರುಗಿ ನೋಡಲಿಲ್ಲ. ಮನೆಯಲ್ಲಿ ಹೆಂಡತಿ ನಸ್ರೀನ ನೀರು ಕೊಟ್ಟು ಕೇಳಿದಳು.

"ಯಾಕ್ರಿ, ಇಷ್ಟ್ಯಾಕ ಉಸಿರು?"

"ನಾಯಿ ಬೆನ್ನ ಹತ್ತಿತ್ತು."

"ಹೋದ ವಾರ ನಾಯಿ ಬಾಲಾ ತುಳದು ಬೈದು ಬಂದವರು ನೀವು. ಖರೇ ಹೇಳ್ರಿ."

ಅವನು ಖರೇ ಹೇಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ.

ಆ ಸದ್ದು ಏನೆಂದು ಇಲ್ಲೇ ಹೇಳಿಬಿಡಬೇಕು. ಗೋದಾಮಿನಲ್ಲಿ ಚೀಲದ ಮೇಲೆ ಚೀಲ ಏರಿಸಿ ಮೂರಾಳೆತ್ತರ ಥಪ್ಪಿ ಹಚ್ಚಿರುತ್ತಾರೆ. ಎರಡು ಥಪ್ಪಿಗಳ ನಡುವೆ ಒಬ್ಬ ಮನುಷ್ಯ ಓರೆಯಾಗಿ ನುಸುಳುವಷ್ಟು ಗಲ್ಲಿ. ಬೇಸಿಗೆಯಲ್ಲಿ ಇಡೀ ಭಾಲ್ಕಿಯಲ್ಲಿ ಬಡವನಿಗೆ ಸಿಗುವ ತಂಪು ಅಂದರೆ ಆ ಗಲ್ಲಿ. ಬೆನ್ನು ಸೋತ ಹಮಾಲ ಅಲ್ಲಿ ಹೋಗಿ ಒರಗುತ್ತಾನೆ, ಒರಗಿದ ಕೂಡಲೇ ನಿದ್ದೆ. ಇನ್ನು ಕಾಳಿಗೆ ಹುಳ ಹತ್ತಬಾರದು ಅಂತ ಥಪ್ಪಿಗಳಿಗೆ ದಪ್ಪ ಪ್ಲಾಸ್ಟಿಕ್ಕಿನ ತಾಡಪತ್ರಿ ಹೊದಿಸುತ್ತಾರೆ. ಒಳಗೆ ವಿಷದ ಗುಳಿಗೆ ಇಡುತ್ತಾರೆ. ಗಾಳಿ ಆಡದಂತೆ ಅಂಚಿಗೆಲ್ಲ ಮರಳು ತುಂಬಿದ ಉದ್ದನೆಯ ಚೀಲ ಹೇರುತ್ತಾರೆ. ಏಳು ದಿನ. ಗುಳಿಗೆ ಕರಗುತ್ತ ಗ್ಯಾಸು ಬಿಡುತ್ತದೆ. ಒಳಗೆ ಇರುವೆಯೂ ಬದುಕುವುದಿಲ್ಲ.

ಅದಕ್ಕೇ, ಮುಚ್ಚುವ ಮೊದಲು, ಹಮಾಲರ ಮೇಸ್ತ್ರಿ, ಮುಕಾದಮ ಅಬ್ದುಲ ಗಫೂರ ಚಾಚಾ ಥಪ್ಪಿಗೆ ಒಂದು ಸುತ್ತು ಬರುತ್ತಿದ್ದ. ಮೂಲೆ ಮೂಲೆಗೆ ನಿಂತು ಅಂಗೈಯಿಂದ ಮೂರು ಏಟು. "ಯಾರದೀರಿ ಒಳಗ?" ಅಂತ ಒಂದು ಕೂಗು. ಆಮೇಲೆ ಹತ್ತು ಉಸಿರು ಎಳೆಯುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದ. ಒಳಗಿದ್ದವನು ನಿದ್ದೆಗಣ್ಣಲ್ಲಾದರೂ ಚೀಲಕ್ಕೆ ಒಂದು ಏಟು ತಿರುಗಿ ಕೊಡಬೇಕು. ಇದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಮೂವತ್ತು ವರ್ಷ ನಡೆಯಿತು. ಮೂವತ್ತು ವರ್ಷದಲ್ಲಿ ಒಬ್ಬನೂ ಸಾಯಲಿಲ್ಲ.

ಹೋದ ವರ್ಷ ಮಷೀನು ಬಂತು. ಚೀಲ ಏರಿಸುವ ಬೆಲ್ಟು ಬಂತು, ಫೋರ್ಕ್‌ಲಿಫ್ಟು ಬಂತು, ಚೀಲಕ್ಕೊಂದು ಸ್ಟಿಕ್ಕರು, ಹಮಾಲನಿಗೊಂದು ಕಾರ್ಡು. ಒಳಗೆ ಬರುವಾಗ, ಹೊರಗೆ ಹೋಗುವಾಗ ಕಾರ್ಡು ಒತ್ತಬೇಕು, ನಡುವೆ ಅದು ಬಾಗಿಲ ಮೊಳೆಗೆ ತೂಗುತ್ತಿರುತ್ತದೆ. ಎಲ್ಲರ ಕಾರ್ಡೂ ಹೊರಬಿದ್ದ ಮೇಲೆಯೇ ಗುಳಿಗೆ ಇಡಲು ಮಷೀನು ಅಪ್ಪಣೆ ಕೊಡುತ್ತದೆ. ಮಷೀನನ್ನು ಬೈಯಬಾರದು. ಬೆಲ್ಟು ಎಷ್ಟೋ ಜನರ ಸೊಂಟ ಉಳಿಸಿತು. ಬೈಯಬೇಕಾದದ್ದು ಅದನ್ನು ತಂದು ನಿಲ್ಲಿಸಿದವರನ್ನು. ಗೋದಾಮಿನ ಕಂಪನಿಯ ಪುಣೆ ಆಫೀಸಿನಿಂದ ನಾಲ್ಕು ಮಂದಿ ಬಂದರು. ಬೀದರಿನ ತಂಪು ಹೋಟೆಲಿನಲ್ಲಿ ಇಳಿದರು. ಹತ್ತು ದಿನ ಕಾರಿನಲ್ಲಿ ಬಂದರು, ಹೋದರು. ಗೋದಾಮಿನ ಉದ್ದ ಅಳೆದರು, ಅಗಲ ಅಳೆದರು, ಬೆಳಕು ಅಳೆದರು. ಒಬ್ಬ ಹಮಾಲನನ್ನೂ ನಿಲ್ಲಿಸಿ, ಏನಪ್ಪಾ ನೀನು ಕೆಲಸ ಮಾಡುವುದು ಹೇಗೆ ಅಂತ ಕೇಳಲಿಲ್ಲ. ಬೆವರಿನ ವಾಸನೆಗೆ ಮೂಗಿಗೆ ಕರವಸ್ತ್ರ ಹಿಡಿದುಕೊಂಡಿದ್ದರು.

ಗಫೂರ ಚಾಚಾನೇ ಮುಂದೆ ಹೋಗಿ ಕೇಳಿದ.

"ಸಾಹೇಬ್ರ, ನಿಮ್ಮ ಮಷೀನಿನ್ಯಾಗ ಕೂಗು ಎಲ್ಲದ?"

"ಕೂಗು ಯಾಕ ಚಾಚಾ? ಕಾರ್ಡ್ ಅದಲ್ಲ," ಎಂದ ಮ್ಯಾನೇಜರ್ ಮಚ್ಛೇಂದ್ರ.

"ಕಾರ್ಡು ಮೊಳಿಗಿ ಜೋತು ಬಿದ್ದಿರ್ತದ. ಮನುಷಾ ಗಲ್ಲ್ಯಾಗ ಮಲಗಿರ್ತಾನ."

ನಾಲ್ವರೂ ನಕ್ಕರು. ಮಚ್ಛೇಂದ್ರ ಅವರಿಗಿಂತ ಜೋರಾಗಿ ನಕ್ಕ. ಬಾಸುಗಳ ಮುಂದೆ ನಗುವವರ ನಗು ಯಾವತ್ತೂ ಒಂದು ಗುಂಜಿ ಹೆಚ್ಚೇ ಇರುತ್ತದೆ. ಚಾಚಾನನ್ನು ಒಂದು ಮೂಲೆಯಲ್ಲಿ ಸ್ಟಿಕ್ಕರು ಹಚ್ಚಲು ಕೂರಿಸಿದರು. ಎಂಟು ತಿಂಗಳ ಹಿಂದೆ ಅವನು ಮನೆಯಲ್ಲೇ, ನಿದ್ದೆಯಲ್ಲೇ ತೀರಿಕೊಂಡ. ಗೌಸೋದ್ದೀನನೇ ಹೆಗಲು ಕೊಟ್ಟ, ಮೂರು ಹಿಡಿ ಮಣ್ಣು ಹಾಕಿದ.

ಈಗ ಲಾರಿಗಳ ತೂಕ ಬರೆಯುವ ಗೌಸೋದ್ದೀನನ ಇನ್ನೊಂದು ಕೆಲಸ ಏನು ಅಂತ ಕೇಳಿ. ಸಂಜೆ ಆರು ದಾಟಿ ಯಾರದಾದರೂ ಕಾರ್ಡು ಒಳಗೇ ಉಳಿದರೆ ಪುಣೆಯ ಆಫೀಸಿಗೆ ಗೊತ್ತಾಗುತ್ತದೆ, ಮಚ್ಛೇಂದ್ರನಿಗೆ ಫೋನು ಬರುತ್ತದೆ. ಹಮಾಲನೋ, ಹೊತ್ತ ಚೀಲ ಇಳಿಸಿಯೇ ಹೊರಗೆ ಬರುವವನು. ಅದಕ್ಕೆ ಮಚ್ಛೇಂದ್ರ ಒಂದು ಉಪಾಯ ಮಾಡಿದ್ದ. ಆರು ಹೊಡೆದ ಕೂಡಲೇ ಗೌಸೋದ್ದೀನ ಬಾಗಿಲ ಮೊಳೆಗಳಿಂದ ಹದಿನಾಲ್ಕೂ ಕಾರ್ಡು ಬಿಚ್ಚಿಕೊಂಡು ತಾನೇ ಒತ್ತಬೇಕು. ಟೀಂವ್, ಟೀಂವ್, ಟೀಂವ್... ಹದಿನಾಲ್ಕು ಸಲ. ಆ ಮಂಗಳವಾರವೂ ಒತ್ತಿದ. ಆರು ಗಂಟೆ ನಾಲ್ಕು ನಿಮಿಷ. ಮಷೀನು ಅಪ್ಪಣೆ ಕೊಟ್ಟಿತು. ಆರೂವರೆಗೆ ಗುಳಿಗೆಯವರು ಬಂದು ಎರಡು ಥಪ್ಪಿಗೆ ಒಂದೇ ತಾಡಪತ್ರಿ ಹೊದಿಸಿ ಹೋದರು. ಯಾರೂ ಸುತ್ತು ಬರಲಿಲ್ಲ. ಯಾರೂ ಕೂಗಲಿಲ್ಲ. ಗೌಸೋದ್ದೀನ ಎಂದಿನಂತೆ ಹೊರಗಿನ ತೂಕದ ಕಾಟಾದ ಹತ್ತಿರ ಹನ್ನೊಂದೂವರೆಯ ತನಕ ಕೂತಿದ್ದು ಮನೆ ಕಡೆ ಹೊರಟಿದ್ದ.

ಬುಧವಾರ ಬೆಳಿಗ್ಗೆ ಗೇಟಿನಲ್ಲಿ ಶಾಲುಬಾಯಿ ನಿಂತಿದ್ದಳು. ಹಮಾಲ ಕಾಶೀರಾಮನ ಹೆಂಡತಿ. ಔರಾದ ತಾಲ್ಲೂಕಿನ ಎಕಂಬಾದವರು, ಭಾಲ್ಕಿಯಲ್ಲಿ ಬಾಡಿಗೆ ಕೋಣೆ.

"ನಮ್ಮ ಮನಿಯವರು ರಾತ್ರಿ ಬಂದಿಲ್ರಿ ಸಾಹೇಬ್ರ. ನಿನ್ನೆ ಮುಂಜಾನಿಂದ ಜ್ವರಾ ಇತ್ತು, ಬ್ಯಾಡಂದ್ರೂ ಬಂದಿದ್ರು."

ಮಚ್ಛೇಂದ್ರ ಕುರ್ಚಿಯಿಂದ ಏಳಲಿಲ್ಲ. ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ. ಆಫೀಸಿನವರು, ಹಮಾಲರು, ಲಾರಿಯವರು, ಇಪ್ಪತ್ತು ಮಂದಿ ಬಗ್ಗಿ ನೋಡಿದರು.

"ಓದಾಕ ಬರ್ತದಿಲ್ಲ? ಕಾಶೀರಾಮ. ಹೊರಗ ಹೋಗಿದ್ದು ಆರು ಗಂಟಿ ನಾಕ ನಿಮಿಷ. ಮಷೀನ ಸುಳ್ಳ ಹೇಳಂಗಿಲ್ಲವಾ."

"ಮಷೀನ ಅವರ ಮಾರಿ ನೋಡ್ಯದೇನ್ರಿ?"

"ಏನಂದಿ?"

"ಅವರ ಚಪ್ಪಲಿ ಇಲ್ಲೇ ಅದಾವರಿ. ಬಾಗಿಲದಾಗ. ಪಟ್ಟಿ ನಾನೇ ಹೊಲಿಸಿದ್ದೆ, ಗುರ್ತ ಅದ ನನಗ."

"ಕುಡದು ಬರಿಗಾಲಿಲೆ ಹೋಗಿರ್ಬೇಕ."

"ಕುಡಿಯಂಗಿಲ್ರಿ ಅವರು."

"ಹಂಗಾರ ಯಾವಳ್ನರೆ ಕಟಗೊಂಡು ಹೈದ್ರಾಬಾದಿಗಿ ಹೋಗ್ಯಾನ. ಕುಡಿಯಲಾರದವರೇ ಜಾಸ್ತಿ ಹೋಗ್ತಾರ."

ಆಫೀಸಿನ ಇಬ್ಬರು ನಕ್ಕರು. ಉಗುಳಬೇಕು ಆ ನಗುವಿಗೆ. ಗೌಸೋದ್ದೀನ ನಗಲಿಲ್ಲ, ಆದರೆ ಬಾಯಿಯನ್ನೂ ಬಿಡಲಿಲ್ಲ. ಶಾಲುಬಾಯಿ ಅವನ ಕಡೆ ತಿರುಗಿದಳು.

"ಗೌಸಣ್ಣಾ, ನೀ ನೋಡೀದೇನು ಅವರು ಹೋಗೂದು?"

ರಾತ್ರಿಯ ಆ ಮಂದ ಏಟು ಅವನ ಕಿವಿಯಲ್ಲೇ ಇತ್ತು.

"ಹೋದಂಗ... ಆತು ನೋಡಕ್ಕಾ."

ಅವಳು ಬಾಗಿಲಿಗೆ ಹೋಗಿ ಆ ಚಪ್ಪಲಿ ಎತ್ತಿ ಸೆರಗಿನಲ್ಲಿ ಸುತ್ತಿಕೊಂಡಳು. ಗೇಟಿನ ಹೊರಗೆ ಮಣ್ಣಲ್ಲಿ ಕೂತಳು. ಊಟಕ್ಕೂ ಏಳಲಿಲ್ಲ.

ಮಧ್ಯಾಹ್ನ ಗೌಸೋದ್ದೀನ ಮಚ್ಛೇಂದ್ರನ ಹತ್ತಿರ ಒಬ್ಬನೇ ಹೋದ. ದನಿ ತಗ್ಗಿಸಿ ಕೇಳಿದ.

"ಸಾಹೇಬ್ರ, ಆ ತಾಡಪತ್ರಿ ಒಮ್ಮೆ ಎತ್ತಿ ನೋಡೂಣೇನ್ರಿ?"

"ಏಳು ದಿನಾ ಮುಟ್ಟಂಗಿಲ್ಲ. ನಡುವ ತಗದ್ರ ಪುಣೆಗಿ ಜವಾಬು ಯಾರು ಕೊಡ್ತಾರ, ನಿಮ್ಮಪ್ಪಾ?" ಆಮೇಲೆ ಮಚ್ಛೇಂದ್ರನೂ ದನಿ ತಗ್ಗಿಸಿದ. "ಮತ್ತ ಗೌಸೋದ್ದೀನ... ಒಳಗ ಏನರೆ ಸಿಕ್ತು ಅಂತ ತಿಳಕೊ. ಕಾರ್ಡು ಒತ್ತಿದ ಕೈ ಯಾರದು?"

ಗೌಸೋದ್ದೀನ ತನ್ನ ಕೈ ನೋಡಿಕೊಂಡ. ಹೊರಗೆ ಬಂದ. ನೋಡಿ, ಹೀಗೆ ಕೊಲ್ಲುತ್ತಾರೆ. ಮೊದಲು ನಿಮ್ಮ ಕೈಯಿಂದಲೇ ಮಾಡಿಸುತ್ತಾರೆ, ಆಮೇಲೆ ಅದೇ ಕೈಯಿಂದ ನಿಮ್ಮ ಬಾಯಿ ಮುಚ್ಚಿಸುತ್ತಾರೆ.

ಬುಧವಾರ ರಾತ್ರಿ ಅದೇ ಹೊತ್ತಿಗೆ ಅದೇ ದಾರಿ. ಬಾವಿಗೆ ಇನ್ನೂ ಹತ್ತು ಮಾರು ಇರುವಾಗಲೇ ವಾಸನೆ ಬಂತು. ಕೊಳೆತ ಮೀನಿಗೆ ಬೆಳ್ಳುಳ್ಳಿ ಅರೆದು ಹಾಕಿದಂಥ ವಾಸನೆ. ಗುಳಿಗೆಯ ಗ್ಯಾಸಿನ ವಾಸನೆ. ಗೋದಾಮಿನಿಂದ ಇಷ್ಟು ದೂರ ಅದು ಬರುವುದಿಲ್ಲ. ಬರಬಾರದು.

ಬಾವಿಯ ಕಟ್ಟೆಯ ಮೇಲೆ ಯಾರೋ ಕೂತಿದ್ದರು. ಬೆನ್ನು ಈ ಕಡೆ. ತಲೆಗೆ ಬಿಳಿ ಟೊಪ್ಪಿ. ಒಂದು ಕೈಯಿಂದ ಇನ್ನೊಂದು ಅಂಗೈಯನ್ನು ತಿಕ್ಕುತ್ತಿದ್ದರು. ಸರ್... ಸರ್... ಒಣ ಚರ್ಮದ ಸದ್ದು.

"ಗೌಸ್ಯಾ," ಅಂದಿತು ಆ ಬೆನ್ನು. ಪಿಸುದನಿ.

ಗೌಸೋದ್ದೀನ ದಾರಿಯ ನಡುವೆಯೇ ನಿಂತ.

"ಚಾಚಾ... ನೀವು... ನಾನೇ ಮಣ್ಣ ಹಾಕೀನಿ ನಿಮಗ."

"ಹಾಕೀದಿ. ನನ್ನ ಕೂಗೂ ಕೆಲಸಾ ಯಾರಿಗಿ ಕೊಟ್ಟಿ?"

ಗೌಸೋದ್ದೀನ ಗೋದಾಮಿನ ಕಡೆ ತಿರುಗಿ ನೋಡಿದ.

"ನಿನ್ನೆ ನಾ ಸುತ್ತ ಬಂದೆ," ಅಂದಿತು ಪಿಸುದನಿ. "ನಾಕೂ ಮೂಲಿಗಿ ಬಡದೆ. ಜವಾಬು ಬಂತು."

"ಚಾಚಾ..."

"ನೀನೂ ಕೇಳೀದಿ. ಕೇಳಿ ಓಡೀದಿ."

ಸರ್... ಸರ್... ಅಂಗೈ ತಿಕ್ಕುವುದು ನಿಂತಿತು.

"ತಾಡಪತ್ರಿ ಎತ್ತಾಕ ಹೋದೆ. ನನ್ನ ಕೈಲೆ ಎತ್ತಾಕ ಆಗವಲ್ದು, ಬೇಟಾ. ಬಡಿಯಾಕ ಬರ್ತದ... ಎತ್ತಾಕ ಬರವಲ್ದು."

ಗೌಸೋದ್ದೀನ ಕಣ್ಣು ಮುಚ್ಚಿದ. ತೆರೆದಾಗ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ವಾಸನೆ ಮಾತ್ರ ಇತ್ತು. ಅವನು ಮನೆ ಕಡೆ ಒಂದು ಹೆಜ್ಜೆ ಇಟ್ಟ. ನಿಂತ. ತಿರುಗಿ ಗೋದಾಮಿನ ಕಡೆ ನಡೆದ. ನಡೆದ ಅನ್ನುವುದಕ್ಕಿಂತ, ತನ್ನನ್ನೇ ಎಳೆದುಕೊಂಡು ಹೋದ.

ಗೇಟಿನ ಹೊರಗೆ ಶಾಲುಬಾಯಿ ಹಾಗೇ ಕೂತಿದ್ದಳು. ಅವಳ ಪಕ್ಕ ಕಾವಲುಗಾರ ಹಾವಗೆಪ್ಪ, ಚಹಾದ ಲೋಟ ಹಿಡಿದು.

"ಹಾವಗೆಪ್ಪಣ್ಣಾ, ಬಾಗಿಲ ತಗಿ. ಒಳಗ ಬಡಿಯೂ ಸದ್ದು..."

"ನೀನೂ ಕೇಳೀದೇನು?" ಹಾವಗೆಪ್ಪ ಲೋಟ ಕೆಳಗಿಟ್ಟ. "ಎರಡು ರಾತ್ರಿ ಆತು. ಗಫೂರ ಮುಕಾದಮಂದೇ ಹೊಡತ ಅದು. ಸಾಹೇಬಗ ಮಾತ್ರ ಹೇಳಬ್ಯಾಡ ಮಾರಾಯಾ. ಪಗಾರಿಲ್ಲದ ರಾತ್ರಿ ಕೆಲಸಾ ಮಾಡೂ ದೆವ್ವಾ ಸಿಕ್ಕದ ಅಂತ ಗೊತ್ತಾದ್ರ ನನ್ನ ತಗದು ಅದನ್ನೇ ಇಡ್ತಾನ."

ಯಾರೂ ನಗಲಿಲ್ಲ. ಹೇಳಿದ ಅವನೂ ನಗಲಿಲ್ಲ. ಕೀಲಿಯ ಗೊಂಚಲು ತೆಗೆದು ಬಾಗಿಲಿಗೆ ನಡೆದ.

ಶಟರು ಕರಕರ ಎಂದು ಮೇಲೇರಿತು. ಒಳಗೆ ಒಂದೇ ದೀಪ. ತಾಡಪತ್ರಿ ಹೊದ್ದ ಎರಡು ಥಪ್ಪಿ, ಕತ್ತಲಲ್ಲಿ ಆನೆ ಮಲಗಿದಂತೆ. ಗೌಸೋದ್ದೀನ ಆಫೀಸಿನ ಕಪಾಟಿನಿಂದ ಗ್ಯಾಸಿನ ಮುಖವಾಡ ತಂದು ಕಟ್ಟಿಕೊಂಡ. ಮೂಲೆಗೆ ಹೋಗಿ ನಿಂತ. ಅಂಗೈ ಎತ್ತಿದ. ಜನ್ಮದಲ್ಲಿ ಆ ಕೆಲಸ ಮಾಡಿದವನಲ್ಲ ಅವನು.

ಧಪ್. ಧಪ್. ಧಪ್.

"ಯಾರದೀರಿ ಒಳಗ?"

ಮುಖವಾಡದೊಳಗೆ ಅವನ ದನಿ ಅವನಿಗೇ ಬೇರೆ ಯಾರದೋ ಅನಿಸಿತು. ಉಸಿರು ಎಣಿಸಿದ. ಒಂದು... ಎರಡು... ಐದು... ಏಳು...

ಧಪ್.

ಬಾಗಿಲಲ್ಲಿ ನಿಂತ ಶಾಲುಬಾಯಿ ಕೇಳಿದಳು. ಹಾವಗೆಪ್ಪ ಕೇಳಿದ. ಶಾಲುಬಾಯಿ "ಅದಾರ! ಅದಾರ!" ಅಂತ ಚೀರಿ ಒಳಗೆ ನುಗ್ಗಿದಳು. ಹಾವಗೆಪ್ಪ ಅವಳನ್ನು ತಬ್ಬಿ ಹಿಡಿದು ಹೊರಗೆ ಎಳೆದ. ಗೌಸೋದ್ದೀನ ಮರಳಿನ ಚೀಲಗಳನ್ನು ಒದ್ದು ಉರುಳಿಸಿದ, ತಾಡಪತ್ರಿಯ ಅಂಚಿಗೆ ಹಗ್ಗ ಬಿಗಿದ, ಹಗ್ಗದ ಇನ್ನೊಂದು ತುದಿಯನ್ನು ಫೋರ್ಕ್‌ಲಿಫ್ಟಿಗೆ ಕಟ್ಟಿದ. ಹಿಂದಕ್ಕೆ ಓಡಿಸಿದ. ತಾಡಪತ್ರಿ ಸರ್ರನೆ ಜಾರಿ ಬಿತ್ತು. ಆ ಹೊಲಸು ವಾಸನೆ ಒಮ್ಮೆಲೇ ಮೈಮೇಲೆ ಬಿತ್ತು. ಅವನು ಬ್ಯಾಟರಿ ಹಿಡಿದು ಗಲ್ಲಿಯೊಳಗೆ ಓರೆಯಾಗಿ ನುಸುಳಿದ.

ಕಾಶೀರಾಮ ಗಲ್ಲಿಯ ನಡುವೆ ಕೂತಿದ್ದ. ಮೊಣಕಾಲು ಮಡಚಿ, ತಲೆ ಒಂದು ಕಡೆ ವಾಲಿಸಿ. ಬಾಯಿಯ ನೊರೆ ಎದೆಯ ಮೇಲೆ ಒಣಗಿ ಹಳದಿಯಾಗಿತ್ತು. ಬಲಗೈ ಚೀಲದ ಮೇಲೇ ಇತ್ತು. ಗೌಸೋದ್ದೀನ ಮುಟ್ಟಿದ. ತಣ್ಣಗೆ, ಕಟ್ಟಿಗೆಯಂತೆ ಗಟ್ಟಿ. ಈಗ ಹೊಡೆದ ಕೈ ಅದಲ್ಲ. ಆಗುವುದಕ್ಕೆ ಸಾಧ್ಯವಿಲ್ಲ.

ಬೆಳಿಗ್ಗೆ ದವಾಖಾನೆಯ ಡಾಕ್ಟರು ಹೇಳಿದರು. "ಮಂಗಳವಾರ ರಾತ್ರಿ ಎಂಟರ ಒಳಗ ಜೀವಾ ಹೋಗ್ಯದ."

"ಹನ್ನೊಂದೂವರಿಗಿ... ಇನ್ನಾ ಇದ್ದಿರಬಹುದೇನ್ರಿ?" ಗೌಸೋದ್ದೀನ ಕೇಳಿದ.

"ಇಲ್ಲಪಾ. ಎಂಟರ ಒಳಗ."

ಗೌಸೋದ್ದೀನನಿಗೆ ಸಮಾಧಾನ ಆಗಬೇಕಿತ್ತು. ಅವನು ಮೋರಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡ.

ಮಚ್ಛೇಂದ್ರ ಅಷ್ಟರಲ್ಲಿ ಇಸ್ತ್ರಿ ಅಂಗಿ ಹಾಕಿ ಠಾಣೆಯಲ್ಲಿ ಕೂತಿದ್ದ. ಹೆಣ ಒಳಗೆ ಸಿಕ್ಕರೂ ಆ ನಾಲಿಗೆ ಸೋಲಲಿಲ್ಲ.

"ಆರಕ್ಕ ಹೊರಗ ಹೋಗ್ಯಾನ್ರಿ ಸರ್, ಮಷೀನ್ದಾಗ ಅದ. ಆಮ್ಯಾಲ ಹಿಂದಿನ ಕಿಡಕಿಲೆ ಬಂದಾನ. ಕಾಳು ಕದಿಯಾಕ."

ಶಾಲುಬಾಯಿ ಎದ್ದು ನಿಂತಳು. ಇಷ್ಟು ಹೊತ್ತು ಅತ್ತಿರಲಿಲ್ಲ, ಈಗಲೂ ಅಳಲಿಲ್ಲ.

"ಸತ್ತವರಿಗಿ ಕಳ್ಳ ಅಂತೀರೇನ್ರಿ? ಹತ್ತೊಂಬತ್ತು ವರ್ಷ ನಿಮ್ಮ ಚೀಲಾ ಹೊತ್ತಾರ. ಒಂದ ಹಿಡಿ ಬ್ಯಾಳಿ ಮನಿಗಿ ತಂದಿಲ್ಲ."

"ಅಕ್ಕಾ," ಎಂದ ಗೌಸೋದ್ದೀನ. ಅವಳಿಗೆ ಹೇಳಿದ, ಆಮೇಲೆ ಪೊಲೀಸ್ ಸಾಹೇಬನಿಗೆ. "ಕಾಶೀರಾಮ ಹೊರಗ ಹೋಗೇ ಇಲ್ರಿ. ನಿನ್ನೆ ನಾ ಸುಳ್ಳ ಹೇಳೀನಿ. ಹದಿನಾಕೂ ಕಾರ್ಡು ಒತ್ತಿದ್ದು ನಾನು. ಈ ಕೈಲೆ. ದಿನಾ ಒತ್ತೇನಿ. ಇವರೇ ಒತ್ತಸ್ತಾರ."

"ಕೆಲಸಾ ಹೋಗ್ತದಲೇ," ಎಂದ ಮಚ್ಛೇಂದ್ರ.

"ಹೋಗ್ಲಿ."

"ಕೇಸ ನಿನ್ನ ಮ್ಯಾಲೇ ಬೀಳ್ತದ."

"ಬೀಳ್ಲಿ. ಬರಕೊಳ್ರಿ ಸಾಹೇಬ್ರ."

ಶಾಲುಬಾಯಿ ಅವನನ್ನು ನೋಡಿದಳು. ಕ್ಷಮಿಸಿದ ನೋಟವಲ್ಲ ಅದು. ಬರೆದುಕೊಳ್ಳಲಿ ಅನ್ನುವ ನೋಟ.

ಪೊಲೀಸ್ ಸಾಹೇಬ ಬರೆದುಕೊಂಡ. ಮಷೀನಿನ ಹಾಜರಿ ಕಾಗದ ತೆಗೆಸಿ ಅಂದ. ಗೋದಾಮಿನ ಆಫೀಸಿನಲ್ಲಿ, ಎಲ್ಲರ ಕಣ್ಣೆದುರು, ಪ್ರಿಂಟರು ಕರ್ ಕರ್ ಅಂತ ಹಾಳೆ ಉಗುಳಿತು. ಮಂಗಳವಾರ. ಹದಿನಾಲ್ಕು ಹೆಸರು. ಹದಿಮೂರರ ಮುಂದೆ ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು, ಎರಡೂ ಇದ್ದವು. ಕಾಶೀರಾಮನ ಮುಂದೆ ಒಳಗೆ ಬಂದ ಹೊತ್ತು ಮಾತ್ರ ಇತ್ತು. ಎರಡನೇ ಮನೆ ಖಾಲಿ.

ಮಚ್ಛೇಂದ್ರನ ಮುಖ ಸುಣ್ಣದಂತಾಯಿತು. ಇನ್ನೊಮ್ಮೆ ತೆಗೆಸಿದ. ಖಾಲಿ. ಪರದೆಯಲ್ಲಿ ನೋಡಿದ. ಖಾಲಿ. ಹಿಂದಿನ ದಿನ ಅದೇ ಜಾಗದಲ್ಲಿ ಆರು ಗಂಟೆ ನಾಲ್ಕು ನಿಮಿಷ ಅಂತ ಓದಿದ್ದ ಇಪ್ಪತ್ತು ಮಂದಿಯಲ್ಲಿ ಹನ್ನೆರಡು ಮಂದಿ ಆ ಕೋಣೆಯಲ್ಲೇ ನಿಂತಿದ್ದರು. ಪುಣೆಗೆ ಫೋನು ಹೋಯಿತು. ಅಲ್ಲಿಯವರು ಹುಡುಕಿ ಹೇಳಿದರು. ಆ ಹೊತ್ತನ್ನು ಯಾರೂ ಅಳಿಸಿಲ್ಲ. ಒಮ್ಮೆ ಒತ್ತಿದ್ದನ್ನು ಅಳಿಸಲು ಬರುವುದೇ ಇಲ್ಲ. ಆ ಕಾರ್ಡು ಹೊರಕ್ಕೆ ಒತ್ತಿಯೇ ಇಲ್ಲ.

ಒತ್ತಿದ್ದು ತಾನೇ ಅಂತ ಗೌಸೋದ್ದೀನ ಕುರಾನಿನ ಮೇಲೆ ಕೈಯಿಟ್ಟು ಹೇಳುತ್ತಾನೆ. ಅವನ ಕೆಲಸ ಹೋಯಿತು. ಈಗ ಔರಾದ ಬಜಾರಿನಲ್ಲಿ ಹಮಾಲಿ ಮಾಡುತ್ತಾನೆ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು. ಮಚ್ಛೇಂದ್ರನನ್ನು ಬೀದರಿನ ಆಫೀಸಿಗೆ ಹಾಕಿದರು, ಇನ್ನೂ ದೊಡ್ಡ ಕೋಣೆಗೆ. ಅಂಥವರಿಗೆ ಅದೇ ಶಿಕ್ಷೆ. ಕೇಸು ನಡೆದಿದೆ. ಆದರೆ ಕಾಶೀರಾಮನನ್ನು ಕಳ್ಳ ಅನ್ನಲು ಆಮೇಲೆ ಯಾರ ನಾಲಿಗೆಯೂ ಏಳಲಿಲ್ಲ. ಆ ಹಾಳೆ ಶಾಲುಬಾಯಿಯ ವಕೀಲರ ಹತ್ತಿರ ಇದೆ. ಸುಳ್ಳು ಅನ್ನುವವರು ಹೋಗಿ ನೋಡಲಿ, ಕಟ್ಟುಕತೆ ಹೇಳಲು ಯಾರಿಗೂ ಪುರುಸೊತ್ತಿಲ್ಲ.

ಪುಣೆಯವರು ಎರಡು ಸಲ ಬಂದು ಮಷೀನನ್ನು ಮೊದಲಿನಿಂದ ಕೂರಿಸಿದರು. ಹಳೇ ಹೆಸರೆಲ್ಲ ತೆಗೆದರು, ಹೊಸ ಕಾರ್ಡು ಕೊಟ್ಟರು. ಇವತ್ತಿಗೂ ಸಂಜೆ ಕೊನೆಯ ಹಮಾಲ ಹೊರಗೆ ಬಂದ ಮೇಲೂ ಅದು ಗುಳಿಗೆ ಇಡಲು ಅಪ್ಪಣೆ ಕೊಡುವುದಿಲ್ಲ. ಇನ್ನೂ ಒಬ್ಬ ಒಳಗಿದ್ದಾನೆ ಅನ್ನುತ್ತದೆ.